ಕಾದಂಬರಿ ಓದೋಕೆ ಅಮ್ಮನ ಸಹಿ

ಮೊನ್ನೆ ಇಲ್ಲಿ ಅಮೆರಿಕದಲ್ಲಿ ಮಗಳ ಸ್ಕೂಲಿನಿಂದ ಒಂದು ಚೀಟಿ ಬಂತು. ಇಂಗ್ಲಿಷ್ ಕ್ಲಾಸಿನಲ್ಲಿ ಮಾರ್ಕ್ ಟ್ವೈನ್ ಬರೆದ ‘ಹಕಲ್‌ಬೆರಿ ಫಿನ್’ ಓದಿಸುತ್ತಾರಂತೆ, ಮನೆಯವರ ಒಪ್ಪಿಗೆ ಬೇಕಂತೆ. ಬೇಡ ಅಂದರೆ ಬೇರೆ ಪುಸ್ತಕ ಕೊಡುತ್ತಾರೆ. ಕಪ್ಪು ಜನರನ್ನು ಹೀಯಾಳಿಸುವ ಒಂದು ಬೈಗುಳ ಅದರಲ್ಲಿ ಇನ್ನೂರಕ್ಕೂ ಹೆಚ್ಚು ಸಲ ಬರುತ್ತದೆ, ಅದಕ್ಕೇ ಇಷ್ಟೆಲ್ಲ. ತಮಾಷೆ ಅಂದರೆ, 1885ರಲ್ಲೇ ಕಾಂಕರ್ಡ್ ಅನ್ನೋ ಊರಿನ ಲೈಬ್ರರಿ ಈ ಪುಸ್ತಕವನ್ನು ಹೊರಗೆ ಹಾಕಿತ್ತು. ಆಗಿನ ತಕರಾರು ಬೇರೆ. ಭಾಷೆ ಒರಟು, ಮಕ್ಕಳು ಕೆಡುತ್ತಾರೆ ಅಂತ.

ಸಹಿ ಹಾಕುವಾಗ ಮಗಳು ಕೇಳಿದಳು: “ಅಮ್ಮ, ಮೈಸೂರಲ್ಲಿ ನಿಂಗೆ ಯಾರು ಸೈನ್ ಮಾಡ್ತಿದ್ರು?”

ಯಾರೂ ಇಲ್ಲ. ಸರಸ್ವತಿಪುರಂನಲ್ಲಿ ನಮ್ಮ ಮನೆ ಹತ್ತಿರ ಬಾಡಿಗೆಗೆ ಪುಸ್ತಕ ಕೊಡುವ ಪುಟ್ಟ ಲೈಬ್ರರಿ ಇತ್ತು. ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ಅನಂತಮೂರ್ತಿಯವರ ‘ಸಂಸ್ಕಾರ’ ಎತ್ತಿಕೊಂಡೆ. ಲೈಬ್ರರಿ ಅಂಕಲ್ ಅದನ್ನು ಇಸ್ಕೊಂಡು ಮೇಲಿನ ಸಾಲಿಗೆ ಸೇರಿಸಿದರು. “ಇದು ನಿಂಗಲ್ಲ ಪುಟ್ಟಿ, ತ್ರಿವೇಣಿ ತಗೊಂಡ್ಹೋಗು” ಅಂತ ‘ಶರಪಂಜರ’ ಕೊಟ್ಟರು. ಅದರಲ್ಲಿ ಬಾಣಂತಿಯೊಬ್ಬಳ ಮನಸ್ಸು ಕೆಡುತ್ತದೆ, ವಾಸಿಯಾಗಿ ಬಂದವಳನ್ನು ಗಂಡನೇ ದೂರ ಇಡುತ್ತಾನೆ. ರಾತ್ರಿ ನಿದ್ದೆ ಬರಲಿಲ್ಲ ನಂಗೆ. ಪಾಪ, ಅಂಕಲ್ ಅದನ್ನೂ ಓದಿರಲಿಲ್ಲ ಅನ್ನಿಸುತ್ತೆ! ಅಜ್ಜಿಗೆ ಹೇಳಿದರೆ, “ಸರಿಯಾಗೇ ಮಾಡಿದ್ದಾರೆ ಬಿಡು” ಅಂದರು. ಯಾಕೆ ಅಂತ ಅವರೂ ಹೇಳಲಿಲ್ಲ.

‘ಸಂಸ್ಕಾರ’ ಓದಿದ್ದು ಅಮೆರಿಕಕ್ಕೆ ಬಂದ ಮೇಲೆ. ಅನಂತಮೂರ್ತಿಯವರೂ ಅದನ್ನು ಬರೆದದ್ದು ಊರಲ್ಲಲ್ಲ, ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುತ್ತಿದ್ದಾಗ. ಕಥೆ ನಡೆಯುವ ಬ್ರಾಹ್ಮಣರ ಅಗ್ರಹಾರ ಅಷ್ಟು ದೂರದಿಂದಲೇ ಚೆನ್ನಾಗಿ ಕಂಡಿತೋ ಏನೋ. ಸಿನಿಮಾ ಆದಾಗ ಮದ್ರಾಸಿನ ಸೆನ್ಸಾರಿನವರು ತಡೆದರು. ಆಮೇಲೆ ಅದೇ ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿ ಬಂತು.

ಯಾವ ಕಾದಂಬರಿಯನ್ನೂ ನಿಷೇಧ ಮಾಡಬಾರದು ಅನ್ನೋಳು ನಾನು. ಯಾವ ವಯಸ್ಸಿಗೆ ಯಾವುದು ಅಂತ ಮನೆಯಲ್ಲಿ ಮಾತಾಡಿಕೊಂಡರೆ ತಪ್ಪಿಲ್ಲ. ಈ ಚೀಟಿ ಜಾಸ್ತಿಯಾಯ್ತು ಅಂತ ಗೊಣಗಿದ್ದೂ ಉಂಟು. ಆದರೆ ಅದರಲ್ಲಿ ಪುಸ್ತಕದ ಹೆಸರಿದೆ, ಕಾರಣ ಇದೆ. ಬೇಕಾದರೆ ಜಗಳ ಆಡಬಹುದು. ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಯನ್ನು ನಮ್ಮ ಕರ್ನಾಟಕ ಸರ್ಕಾರ 1997ರಲ್ಲಿ ಮುಟ್ಟುಗೋಲು ಹಾಕಿದಾಗ ಬರಗೂರು ರಾಮಚಂದ್ರಪ್ಪ ಮತ್ತಿತರರು ಸುಪ್ರೀಂ ಕೋರ್ಟಿನವರೆಗೂ ಹೋದರು. 2007ರಲ್ಲಿ ಸೋತರು, ನಂಗೆ ಬೇಜಾರಾಯ್ತು. ಆದರೂ ಕೋರ್ಟು ಯಾಕೆ ಅಂತ ಬರೆದು ಕೊಡಬೇಕಾಯ್ತು ಅಲ್ವಾ? ನಮ್ಮ ಲೈಬ್ರರಿ ಅಂಕಲ್ ಮೇಲೆ ಯಾವ ಕೋರ್ಟಿಗೆ ಹೋಗೋದು ಹೇಳಿ.