ಅವರೆ ಸೊಗಡು, ಹಾಪ್ಸ್ ಘಮ, ಮತ್ತೆ ವರ್ಷಪೂರ್ತಿ ಸಿಗೋ ಐಪಿಎ

ಈ ಭಾನುವಾರ ಅಮ್ಮನ ಜೊತೆ ದೇವರಾಜ ಮಾರ್ಕೆಟ್ಟಿಗೆ ಅವರೆಕಾಯಿ ತರಕ್ಕೆ ಹೋಗಿದ್ದೆ. ಅಮ್ಮ ರೇಟು ಕೇಳೋಕ್ ಮುಂಚೆ ಒಂದು ಕಾಯಿ ತಗೊಂಡು ಉಜ್ಜಿ ಮೂಸಿ ನೋಡ್ತಾರೆ, ಬೆರಳಿಗೆ ಆ ಜಿಡ್ಡು ಅಂಟಿ ಘಮ ಬಂದ್ರೆ ಮಾತ್ರ ಮುಂದಿನ ಮಾತು, ಇಲ್ಲಾಂದ್ರೆ "ಸೊಗಡೇ ಇಲ್ವಲ್ಲಪ್ಪ" ಅಂದ್ಬಿಟ್ಟು ಪಕ್ಕದ ರಾಶಿಗೆ ಹೋಗ್ತಾರೆ. ಈಗ ಬೇರೆ ತಳಿಗಳು ಬಂದು ಅವರೆ ಬೇಸಿಗೇಲೂ ಸಿಗತ್ತೆ, ಆದ್ರೆ ನಮ್ಮನೇಲಿ ತರಲ್ಲ, ಚಳಿಗಾಲದ ಕಾಯಿಯ ಸೊಗಡು ಅದಕ್ಕಿರಲ್ಲ ಅನ್ನೋ ಒಂದೇ ಕಾರಣಕ್ಕೆ. ಅಲ್ಲಿ ಚೀಲ ಹಿಡ್ಕೊಂಡು ನಿಂತಿದ್ದಾಗ ನಂಗೆ ಹೊಳೆದಿದ್ದು ಬಿಯರ್ ವಿಷ್ಯ. ಬಹಳ ದಿನದಿಂದ ಬರೀಬೇಕು ಅನ್ಕೊಂಡಿದ್ದೆ, ಈಗ ಬರೆದ್ಬಿಡ್ತೀನಿ.

ಹಾಪ್ಸ್ ಜಾಸ್ತಿ ಹಾಕಿರೋ ಬಿಯರು, ಅಂದ್ರೆ ಐಪಿಎ (ಇಂಡಿಯಾ ಪೇಲ್ ಏಲ್), ಪೇಲ್ ಏಲ್ ಇವೆಲ್ಲ, ನಂಗೆ ತುಂಬಾ ಇಷ್ಟ. ಬೆಂಗಳೂರಲ್ಲಿ 2010ರಲ್ಲಿ ಇಂದಿರಾನಗರದ ಟಾಯ್ಟ್ ಅನ್ನೋ, ಅಲ್ಲೇ ಬಿಯರ್ ಮಾಡಿ ಕೊಡೋ ಪಬ್ಬು ಶುರುವಾಯ್ತು, 2012ರಲ್ಲಿ ಅಂಥದ್ದೇ ಆರ್ಬರ್ ಬಂತು, ನಾನು ಆಗ ಕೆಲ್ಸಕ್ಕೆ ಅಲ್ಲೇ ಇದ್ದೆ, ಟ್ಯಾಂಕಿಂದ ಸೀದಾ ಲೋಟಕ್ಕೆ ಬಂದಿರೋ ಐಪಿಎ ಮೊದಲನೇ ಸಲ ಮೂಗಿನ ಹತ್ರ ತಂದಾಗ ಚಕ್ಕೋತದ ಸಿಪ್ಪೆ, ಮಾವಿನಕಾಯಿ, ಸೀಬೆಹಣ್ಣು ಎಲ್ಲಾ ಒಟ್ಟಿಗೆ ಬಂದಂಗಾಗಿತ್ತು, ಅದ್ರಲ್ಲಿ ಯಾವ್ ಹಣ್ಣೂ ಹಾಕಿರಲ್ಲ ಅಂತ ಗೊತ್ತಾದ್ಮೇಲಂತೂ ಇನ್ನೂ ಆಶ್ಚರ್ಯ. ಮೈಸೂರಿಗೆ ವಾಪಸ್ ಬಂದ್ಮೇಲೆ ನನ್ನ ದೊಡ್ಡ ದೂರು ಏನಿತ್ತು ಅಂದ್ರೆ, ಇಂಥ ಬಿಯರ್ ಯಾಕೆ ಇಲ್ಲಿನ ಅಂಗಡೀಲಿ ವರ್ಷಪೂರ್ತಿ ಸಿಗಲ್ಲ ಅಂತ. ಯಾರಾದ್ರೂ ಬ್ರೂವರಿಯವರು ಸೀಸನ್‌ಗೊಂದ್ಸಲ ಬಿಟ್ಟು ನಿಲ್ಲಿಸ್ಬಿಟ್ರೆ ಸಿಟ್ಟು ಬರ್ತಿತ್ತು. ಈಗ ಅದೇ ಸರಿ ಅನ್ಸತ್ತೆ, ಯಾಕೆ ಅಂತ ಹೇಳ್ತೀನಿ.

ಮೊದ್ಲು ಹಾಪ್ಸ್ ಅಂದ್ರೆ ಏನು ಅಂತ. ಅದೊಂದು ಬಳ್ಳಿ, ಅದರ ಹಸಿರು ಹೂವಿನ ಪದರ ಬಿಡಿಸಿದ್ರೆ ಒಳಗೆ ಹಳದಿ ಪುಡಿ ಇರತ್ತೆ, ಲುಪುಲಿನ್ ಅಂತಾರೆ, ಅವರೆಕಾಯಿ ಥರನೇ ಬೆರಳಿಗೆ ಜಿಡ್ಡಾಗಿ ಅಂಟತ್ತೆ. ಕಹಿನೂ ಅದ್ರಲ್ಲೇ ಘಮನೂ ಅದ್ರಲ್ಲೇ. ಬಿಯರ್ ಕುದಿಯುವಾಗ ಹಾಕಿದ್ರೆ ಕಹಿ ಬಿಡತ್ತೆ, ಘಮ ಆವಿಯಾಗಿ ಹೋಗತ್ತೆ, ಅದಕ್ಕೇ ಘಮ ಬೇಕು ಅನ್ನೋರು ಕುದಿಸೋದು ಮುಗಿಯೋ ಹೊತ್ತಿಗೆ ಒಂದ್ಸಲ, ಹುದುಗು ಬಂದ್ಮೇಲೆ ತಣ್ಣಗೆ ಇನ್ನೊಂದ್ಸಲ ಹಾಕ್ತಾರೆ, ನಾವು ಸಾರು ಇಳಿಸಿದ್ಮೇಲೆ ಕೊತ್ತಂಬರಿ ಹಾಕೋ ಹಂಗೆ. ಈ ಬಳ್ಳಿಗೆ ಬೇಸಿಗೇಲಿ ಉದ್ದುದ್ದ ಹಗಲು ಬೇಕು, ನಮ್ಮ ಕಡೆ ಆಗಲ್ಲ, ಇಂಡಿಯಾದಲ್ಲಿ ಹಿಮಾಚಲದ ಲಾಹೌಲ್ ಕಣಿವೇಲಿ ಬೆಳೆದಿದಾರೆ. ದೊಡ್ಡ ಬೆಳೆ ಅಂದ್ರೆ ಜರ್ಮನಿಯ ಹಾಲೆರ್ಟೌ ಮತ್ತೆ ಅಮೆರಿಕದ ಯಾಕಿಮಾ ಕಣಿವೆ. ಕಟಾವು ವರ್ಷಕ್ಕೆ ಒಂದೇ ಸಲ, ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ತನಕ. ನ್ಯೂಜಿಲೆಂಡಲ್ಲಿ ಕಾಲ ಉಲ್ಟಾ, ಅಲ್ಲಿ ಮಾರ್ಚ್ ಹೊತ್ತಿಗೆ.

ಹಾಗಾದ್ರೆ ಬಿಯರ್ ಕೂಡ ಸೀಸನ್ದೇ ಆಗ್ಬೇಕಲ್ವಾ ಅಂದ್ರೆ, ಹಾಗೇನಿಲ್ಲ. ಹಸಿ ಹೂವಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ, ಕಿತ್ತ ತಕ್ಷಣ ಒಣಗಿಸಿ, ಪುಡಿ ಮಾಡಿ ಗುಳಿಗೆ ಒತ್ತಿ, ಗಾಳಿ ಆಡದ ಪ್ಯಾಕೆಟ್ಟಲ್ಲಿ ಹಾಕಿ ಕೋಲ್ಡ್ ಸ್ಟೋರೇಜಲ್ಲಿ ಇಟ್ರೆ ಮುಂದಿನ ಬೆಳೆ ಬರೋ ತನಕ ಚೆನ್ನಾಗೇ ಇರತ್ತೆ. ನಮ್ಮ ಮೈಸೂರಿನ ಕಾಫಿಪುಡಿ ಅಂಗಡಿ ನೆನೆಸ್ಕೊಳ್ಳಿ. ಹಸಿ ಬೀಜ ಮೂಟೇಲಿ ತಿಂಗಳುಗಟ್ಟಲೆ ಇರತ್ತೆ, ತೊಂದ್ರೆ ಇಲ್ಲ. ಹುರಿದು ಪುಡಿ ಮಾಡಿದ ಕ್ಷಣದಿಂದ ಗಡಿಯಾರ ಓಡಕ್ಕೆ ಶುರು. ಅದಕ್ಕೇ ಮನೇಲಿ ಕಾಲು ಕೇಜಿ ಮೇಲೆ ತರಲ್ಲ. ಬಿಯರ್ ವಿಷ್ಯದಲ್ಲೂ ಹಂಗೇ, ಹಾಪ್ಸ್ ಯಾವಾಗ ಕಿತ್ರು ಅನ್ನೋದಕ್ಕಿಂತ ಬಿಯರ್‌ನ ಬಾಟ್ಲಿಗೆ ಯಾವಾಗ ತುಂಬಿದ್ರು, ಆಮೇಲೆ ಎಲ್ಲಿಟ್ಟಿದ್ರು ಅನ್ನೋದೇ ಮುಖ್ಯ.

ಹೋದ್ ವರ್ಷ ಏಪ್ರಿಲಲ್ಲಿ ನಮ್ಮ ಏರಿಯಾದ ಒಂದು ವೈನ್ ಸ್ಟೋರಲ್ಲಿ ಒಂದು ಐಪಿಎ ಕಣ್ಣಿಗೆ ಬಿತ್ತು, ಖುಷೀಲಿ ನಾಲ್ಕು ತಗೊಂಡೆ. ಮನೆಗೆ ಬಂದು ಫ್ರಿಡ್ಜಲ್ಲಿಟ್ಟು ಸಂಜೆ ತೆಗೆದ್ರೆ ಘಮನೇ ಇಲ್ಲ. ಒದ್ದೆಯಾದ ರಟ್ಟಿನ ಡಬ್ಬದ ವಾಸನೆ, ಹಿಂದೆ ಒಂಥರಾ ಜೇನುತುಪ್ಪದ ಸಿಹಿ, ಕಹಿ ಮಾತ್ರ ನಾಲಗೆ ಹಿಂದೆ ಒರಟಾಗಿ ಉಳ್ಕೊಂಡಿತ್ತು. ತಿರುಗ್ಸಿ ನೋಡಿದ್ರೆ ತುಂಬಿದ್ದು ನವೆಂಬರಲ್ಲಿ. ಮಾರನೇ ದಿನ ಅಂಗಡಿಯವರಿಗೆ ಹೇಳ್ದೆ. ಅವ್ರು ಜಗಳ ಏನೂ ಆಡ್ಲಿಲ್ಲ, "ಸರ್, ಎಕ್ಸ್‌ಪೈರಿ ಆಗಿಲ್ವಲ್ಲ ಸರ್, ಆರು ತಿಂಗಳು ಟೈಮ್ ಇದೆ, ಇನ್ನೂ ಐದೇ ಆಗಿರೋದು" ಅಂದ್ರು. ಅವ್ರು ಹೇಳಿದ್ದು ಸುಳ್ಳಲ್ಲ. ಲೇಬಲ್ ಮೇಲೆ ಹಂಗೇ ಇತ್ತು. ಆ ಆರು ತಿಂಗಳ ಲೆಕ್ಕ ಬಿಯರ್ ಹುಳಿ ಬರಲ್ಲ, ಕುಡಿದ್ರೆ ಹೊಟ್ಟೆ ಕೆಡಲ್ಲ ಅನ್ನೋದಕ್ಕೆ, ಘಮಕ್ಕಲ್ಲ.

ಇಲ್ಲಿ ಕೆಲವರು ಒಂದು ಮಾತು ಹೇಳ್ತಾರೆ, ಐಪಿಎ ಹುಟ್ಟಿದ್ದೇ ಇಂಗ್ಲೆಂಡಿಂದ ಇಂಡಿಯಾಕ್ಕೆ ಹಡಗಲ್ಲಿ ತಿಂಗಳುಗಟ್ಟಲೆ ಬರಕ್ಕೆ ತಾನೆ, ಲಂಡನ್ನಿನ ಬೋ ಬ್ರೂವರಿಯ ಹಾಡ್ಜ್‌ಸನ್ ಕಾಲದಿಂದ ಕಳಿಸ್ತಿದ್ರಲ್ಲ, ಈಗ ಐದು ತಿಂಗಳಿಗೆ ಹೆಂಗೆ ಕೆಡತ್ತೆ ಅಂತ. ಅವತ್ತು ಜಾಸ್ತಿ ಹಾಪ್ಸ್ ಬೇಕಿದ್ದಿದ್ದು ಹಡಗಲ್ಲಿ ಬಿಯರ್ ಹುಳಿ ಆಗ್ಬಾರದು ಅಂತ, ಹಾಪ್ಸಲ್ಲಿ ಬ್ಯಾಕ್ಟೀರಿಯಾ ತಡೆಯೋ ಗುಣ ಇದೆ, ಅದು ಸರಿಯಾಗೇ ಕೆಲ್ಸ ಮಾಡ್ತು. ಆದ್ರೆ ಅವರಿಗೆ ಕಲ್ಕತ್ತಾದಲ್ಲಿ ಪೀಪಾಯಿ ತೆಗೆದಾಗ ಮಾವಿನ ಘಮ ಬರ್ಬೇಕು ಅನ್ನೋ ಆಸೆ ಇರ್ಲಿಲ್ಲ. ಈಗಿನ ಐಪಿಎಯಲ್ಲಿ ನಾವು ದುಡ್ಡು ಕೊಡೋದೇ ಆ ಘಮಕ್ಕೆ. ಕ್ಯಾಸ್ಕೇಡ್ ಅನ್ನೋ ಘಮದ ಹಾಪ್ಸ್ ತಳಿ 1972ರಲ್ಲಿ ಬಂದ್ಮೇಲೆ, ಆಮೇಲೆ ಸಿಟ್ರಾ, ಮೋಸೈಕ್ ಇವೆಲ್ಲ ಬಂದ್ಮೇಲೆ ಇಡೀ ಆಟನೇ ಬದಲಾಯ್ತು.

ಬಿಯರ್ ಮಾಡೋರು ಇಟ್ಕೊಂಡಿರೋ ಒಂದು ಅಂದಾಜು ಲೆಕ್ಕ ಇದೆ, 3-30-300 ಅಂತ. 32 ಡಿಗ್ರೀಲಿ 3 ದಿನ ಇಟ್ರೆ ಎಷ್ಟು ಹಳಸತ್ತೋ, 22 ಡಿಗ್ರೀಲಿ 30 ದಿನ ಇಟ್ರೂ ಅಷ್ಟೇ, 3 ಡಿಗ್ರೀಲಿ 300 ದಿನ ಇಟ್ರೂ ಅಷ್ಟೇ. ಮೈಸೂರು ತಂಪು ಊರು ಅಂತ ನಾವು ಎಷ್ಟೇ ಹೇಳ್ಕೊಂಡ್ರೂ ಏಪ್ರಿಲಲ್ಲಿ 35 ದಾಟತ್ತೆ, ಅಂಥದ್ರಲ್ಲಿ ಬ್ರೂವರಿಯಿಂದ ಲಾರಿ, ಲಾರಿಯಿಂದ ಡಿಪೋ, ಡಿಪೋಯಿಂದ ಅಂಗಡಿ ಗೋಡೌನು, ಇಷ್ಟೆಲ್ಲ ಸುತ್ತಿ ಕೊನೇಲಿ ಒಂದು ಗಂಟೆ ಫ್ರಿಡ್ಜಲ್ಲಿ ಕೂರಿಸಿದ್ರೆ ಅದು ತಣ್ಣಗಿರೋ ಹಳೇ ಬಿಯರು ಅಷ್ಟೇ. ಸಾದಾ ಲಾಗರ್, ಅಂದ್ರೆ ಅಂಗಡೀಲಿ ಸಿಗೋ ಮಾಮೂಲಿ ಬಿಯರು, ಇದನ್ನ ತಡ್ಕೊಳ್ಳತ್ತೆ, ಅದ್ರಲ್ಲಿ ಕಳ್ಕೊಳ್ಳಕ್ಕೆ ಅಷ್ಟು ಘಮ ಇರಲ್ಲ.

ನಂಬದೇ ಇರೋರಿಗೆ ತೋರಿಸ್ಬೇಕು ಅಂತ ನಾನೇ ಒಂದ್ಸಲ ಮಾಡಿ ನೋಡ್ದೆ. ಬೆಂಗಳೂರಿಂದ ಸ್ನೇಹಿತ ತಂದ್ಕೊಟ್ಟ, ತುಂಬಿ ಎಂಟೇ ದಿನ ಆಗಿದ್ದ ಎರಡು ಕ್ಯಾನು, ಒಂದೇ ಬ್ಯಾಚು. ಒಂದನ್ನ ಫ್ರಿಡ್ಜಲ್ಲಿಟ್ಟೆ, ಇನ್ನೊಂದನ್ನ ಅಟ್ಟದ ಮೇಲೆ. ಮೇ ತಿಂಗಳು, ನಾಲ್ಕು ವಾರ. ಆಮೇಲೆ ಎರಡನ್ನೂ ಒಂದೇ ಥರ ತಣ್ಣಗೆ ಮಾಡಿ ಲೋಟಕ್ಕೆ ಹುಯ್ದು, ಯಾವುದು ಯಾವುದು ಅಂತ ಹೇಳ್ದೆ ಭಾವನ ಮುಂದಿಟ್ಟೆ. ಭಾವ ಪಾಂಡವಪುರದ ಕಡೆಯವರು, ಕಬ್ಬು ಬೆಳೆದು ಆಲೆಮನೆ ನಡೆಸ್ತಾರೆ, ಕ್ರಾಫ್ಟ್ ಬಿಯರ್ ಅಂದ್ರೇನು ಅಂತ ಅವರಿಗೆ ಗೊತ್ತೂ ಇಲ್ಲ ಬೇಕಾಗೂ ಇಲ್ಲ. ಮೊದಲನೇದು ಮೂಸಿ "ಇದೇನಯ್ಯ, ಹಣ್ಣಿನ್ ಅಂಗ್ಡಿ ಮುಂದ್ ನಿಂತಂಗೈತೆ" ಅಂದ್ರು. ಎರಡನೇದು ಕುಡಿದು ಸ್ವಲ್ಪ ಹೊತ್ತು ಸುಮ್ನಿದ್ದು "ಇದು ಹೋದ್ ವರ್ಸದ್ ಬೆಲ್ಲ ಕಣಯ್ಯ, ಸಿಹಿ ಐತೆ, ಜೀವ ಇಲ್ಲ" ಅಂದ್ರು. ನಾನು ಎಷ್ಟು ಓದಿದ್ರೂ ಇಷ್ಟು ಸರಿಯಾಗಿ ಹೇಳಕ್ಕೆ ಆಗ್ತಿರ್ಲಿಲ್ಲ. ಬಿಸಿ ಕೊಪ್ಪರಿಗೆಯಿಂದ ಅಚ್ಚಿಗೆ ಬಿದ್ದ ಬೆಲ್ಲ ತಿಂದವರಿಗೆ ಹಳೇದರ ವ್ಯತ್ಯಾಸ ಯಾರೂ ಹೇಳ್ಕೊಡ್ಬೇಕಾಗಿಲ್ಲ.

ಅಮೆರಿಕದವರು ಇದನ್ನ ಹೆಂಗೆ ನಿಭಾಯಿಸಿದಾರೆ ನೋಡಿದ್ರೆ ಎರಡೂ ದಾರಿ ಇದೆ. ಸಿಯೆರಾ ನೆವಾಡಾದವರು 1981ರಿಂದ ಸೆಲೆಬ್ರೇಷನ್ ಅಂತ ಚಳಿಗಾಲಕ್ಕೆ ಮಾತ್ರ ಬಿಡ್ತಾರೆ, ಆ ವರ್ಷದ ಹೊಸ ಬೆಳೆಯ ಹಾಪ್ಸಲ್ಲಿ. 1996ರಲ್ಲಿ ಅವರೇ ಇನ್ನೂ ಮುಂದೆ ಹೋಗಿ ಒಣಗಿಸದೇ ಇರೋ ಹಸಿ ಹೂವನ್ನ ಯಾಕಿಮಾದಿಂದ ಕ್ಯಾಲಿಫೋರ್ನಿಯಾದ ಚೀಕೋಗೆ ತರಿಸಿ ಹಾರ್ವೆಸ್ಟ್ ಏಲ್ ಮಾಡಿದ್ರು, ಅದಂತೂ ನಿಜವಾಗ್ಲೂ ಕಟಾವಿನ ಕಾಲದ ಬಿಯರು, ಬೇರೆ ತಿಂಗಳಲ್ಲಿ ಮಾಡಕ್ಕೆ ಆಗೋದೇ ಇಲ್ಲ. ರಷ್ಯನ್ ರಿವರ್ ಅನ್ನೋರು ಎರಡೂ ಮಾಡ್ತಾರೆ, ಪ್ಲೈನಿ ದ ಯಂಗರ್ 2005ರಿಂದ ವರ್ಷಕ್ಕೆ ಒಂದ್ಸಲ, ಪ್ಲೈನಿ ದ ಎಲ್ಡರ್ ವರ್ಷಪೂರ್ತಿ, ಆದ್ರೆ ವರ್ಷಪೂರ್ತಿದರ ಲೇಬಲ್ ಮೇಲೆ ಇಟ್ಕೋಬೇಡಿ ಬೇಗ ಕುಡೀರಿ ಅಂತ ಮತ್ತೆ ಮತ್ತೆ ಬರೆದಿರ್ತಾರೆ. ನಂಗೆ ಎಲ್ಲಕ್ಕಿಂತ ಹಿಡಿಸಿದ್ದು ಸ್ಟೋನ್ ಬ್ರೂವರಿಯವರು 2012ರಲ್ಲಿ ಮಾಡಿದ ಕೆಲ್ಸ, ಎಂಜಾಯ್ ಬೈ ಅಂತ, ಯಾವ ತಾರೀಖಿನ ಒಳಗೆ ಕುಡೀಬೇಕು ಅನ್ನೋದೇ ಬಿಯರಿನ ಹೆಸರು, ತುಂಬಿದ ದಿನದಿಂದ ಸುಮಾರು 35 ದಿನ.

ಸೀಸನ್ನಲ್ಲಿ ಬಿಡೋದ್ರ ನಿಜವಾದ ಲಾಭ ಇಲ್ಲೇ ಇರೋದು ಅಂತ ನನ್ನ ಅಭಿಪ್ರಾಯ. ಹಾಪ್ಸ್ ಹೊಸದು ಅನ್ನೋದು ಒಂದು ಪಾಲು, ಆದ್ರೆ ಸ್ವಲ್ಪನೇ ಮಾಡ್ತಾರೆ, ಬರೋದಕ್ಕೆ ಮುಂಚೆನೇ ಜನ ಕಾಯ್ತಿರ್ತಾರೆ, ಬಂದ್ ವಾರದಲ್ಲಿ ಖಾಲಿ, ಹಳೇದಾಗಕ್ಕೆ ಟೈಮೇ ಸಿಗಲ್ಲ. ವರ್ಷಪೂರ್ತಿ ಅಂದ್ರೆ ಅಂಗಡಿಯವರಿಗೆ ರ‍್ಯಾಕ್ ಖಾಲಿ ಬಿಡಕ್ಕಾಗಲ್ಲ, ಹಳೇದು ಮುಗಿಯೋ ತನಕ ಹೊಸದು ತರಿಸಲ್ಲ, ಲಾಗರ್ ಹೋಗೋ ಸ್ಪೀಡಲ್ಲಿ ಐಪಿಎ ನಮ್ಮೂರಲ್ಲಿ ಹೋಗಲ್ಲ, ಹಂಗಾಗಿ ಯಾವಾಗ ಹೋದ್ರೂ ಸಿಗತ್ತೆ, ಯಾವಾಗ ಹೋದ್ರೂ ಹಳೇದೇ ಸಿಗತ್ತೆ. ಮೈಕ್ರೋಬ್ರೂವರಿಗಳ ವಿಷ್ಯ ಬೇರೆ, ಅಲ್ಲೇ ಮಾಡಿ ಅಲ್ಲೇ ತಣ್ಣಗಿಟ್ಟು ಅಲ್ಲೇ ಕೊಡೋದ್ರಿಂದ ಅವ್ರು ಹನ್ನೆರಡು ತಿಂಗಳೂ ಮಾಡ್ಲಿ, ನಾನೇ ಮೊದ್ಲು ಹೋಗ್ತೀನಿ. ಬಾಟ್ಲು, ಕ್ಯಾನಲ್ಲಿ ತುಂಬಿ ದೂರ ಕಳಿಸೋರು ಮಾತ್ರ ಮೈಸೂರು ಮಂಡ್ಯ ಕಡೆಗೆ ನವೆಂಬರಿಂದ ಫೆಬ್ರವರಿ ತನಕ ಕಳಿಸ್ಲಿ, ತುಂಬಿದ ತಾರೀಖು ಕಣ್ಣಿಗೆ ಕಾಣೋ ಹಂಗೆ ಹಾಕ್ಲಿ, ಬೇಸಿಗೇಲಿ ನಿಲ್ಲಿಸ್ಬಿಡ್ಲಿ. ನಾವು ಕಾಯ್ತೀವಿ. ಅವರೆಗೆ ಕಾಯಲ್ವಾ?

ಇದನ್ನ ಅದೇ ಅಂಗಡಿಯವರ ಹತ್ರ ದೀಪಾವಳಿ ಆದ್ಮೇಲೆ ಕೂತು ಮಾತಾಡ್ದೆ. ಹುಷಾರಾಗಿ ಕೇಳಿಸ್ಕೊಂಡ್ರು. ಗೋಡೌನಿಗೆ ಹಾಕದೇ ಸೀದಾ ಫ್ರಿಡ್ಜಿಗೆ ಹೋಗೋ ಅಷ್ಟೇ ತರಿಸಿ, ನಾನೂ ಇಬ್ಬರು ಸ್ನೇಹಿತರೂ ಹದಿನೈದು ದಿನದಲ್ಲಿ ಖಾಲಿ ಮಾಡ್ತೀವಿ ಅಂತ ಮಾತು ಕೊಟ್ಟೆ. ಮೊನ್ನೆ ಗುರುವಾರ ಫೋನ್ ಮಾಡಿ "ಸರ್ ನಿಮ್ದು ಬಂದಿದೆ, ಡೇಟ್ ನಾನೇ ನೋಡಿದೀನಿ, ಹನ್ನೊಂದು ದಿನ ಆಗಿದೆ" ಅಂದ್ರು. ಆರು ಕ್ಯಾನ್ ತಂದು ಫ್ರಿಡ್ಜಲ್ಲಿಟ್ಟಿದೀನಿ. ಈಗ ಅಮ್ಮ ಹಾಲ್‌ನಲ್ಲಿ ಕೂತು ಅವರೆ ಹಿತುಕ್ತಿದಾರೆ, ರಾತ್ರಿ ಊಟಕ್ಕೆ ಅಕ್ಕ ಭಾವ ಬರ್ತಿದಾರೆ, ಮನೆಯೆಲ್ಲ ಸೊಗಡು.