ಗೌಡನ ಪಾರ್ಟಿಗೆ ತಾಲೀಮು

ನಮ್ಮ ಕಡೆ ಜಾತ್ರಿ ನಾಟಕ ಅಂದ್ರ ಪಾರ್ಟು ಮೊದಲು ಹುಟ್ಟಿರ್ತಾವು, ಕಥಿ ಆಮ್ಯಾಲ. ಒಬ್ಬ ಕೆಟ್ಟ ಗೌಡ, ಅವನ ಬೆನ್ನಿಗೆ ಒಬ್ಬ ಶಾನುಭೋಗ, ಮನಿಗಾಗಿ ಜೀವ ತೇಯೋ ದೊಡ್ಡಣ್ಣ, ಪ್ಯಾಟಿಯಾಗ ಓದಿ ದಾರಿ ಬಿಟ್ಟ ತಮ್ಮ, ಕಣ್ಣೀರು ಹಾಕೋ ಅತ್ತಿಗಿ, ನಡುನಡುವೆ ನಗಸಾಕ ಒಂದು ಹಾಸ್ಯದ ಜೋಡಿ. ಗಂಗಾವತಿ, ಕಾರಟಗಿ ಸುತ್ತ ಯಾವ ಊರಿಗೆ ಹೋದ್ರೂ ನಾಟಕದ ಹೆಸರು ಬದಲಾಗತೈತಿ, ಇವರು ಬದಲಾಗಂಗಿಲ್ಲ. ನಾನು ಒಂಬತ್ತು ವರ್ಷದಿಂದ ಗೌಡನ ಪಾರ್ಟೇ ಮಾಡಿಕೋಂತ ಬಂದೀನಿ, ಮೈಕಟ್ಟು ದನಿ ಎರಡೂ ಅದಕ್ಕ ಹೊಂದತಾವು ಅಂತ ನಾಟಕ ಕಲಿಸೋ ಮಾಸ್ತರು ಮೊದಲ ದಿನಾನೇ ಅಂದುಬಿಟ್ರು.

ಎಲ್ಲಾ ಒಂದೇ ಅಚ್ಚಿನ ಪಾತ್ರ, ಅದರಾಗ ಅಭಿನಯ ಏನೈತಿ ಅನ್ನೋರು ಭಾಳ ಮಂದಿ ಅದಾರ. ನಾನು ಒಪ್ಪಂಗಿಲ್ಲ. ನಮ್ಮ ತೊಗಲುಗೊಂಬಿ ಆಟದಾಗ ರಾಮಾಯಣ ಇರಲಿ ಮಹಾಭಾರತ ಇರಲಿ ಕಿಳ್ಳೇಕ್ಯಾತ, ಬಂಗಾರಕ್ಕ ಅನ್ನೋ ನಗಸೋ ಜೋಡಿ ಬರಲೇಬೇಕು, ಅವರು ಬಂದ್ರ ಹುಡುಗರು ನಿದ್ದಿಗಣ್ಣಾಗೂ ಎದ್ದು ಕುಂದರ್ತಾವು. ನಾಟ್ಯಶಾಸ್ತ್ರ ನಾಯಕರನ್ನ ನಾಕು ಥರ ಮಾಡೇತಿ, ಧೀರೋದಾತ್ತ, ಧೀರಲಲಿತ, ಧೀರೋದ್ಧತ, ಧೀರಪ್ರಶಾಂತ ಅಂತ. ಇಟಲಿಯೊಳಗ 16ನೇ ಶತಮಾನದಾಗ ಕೊಮೆಡಿಯಾ ದೆಲ್ ಆರ್ಟೆ ಅಂತ ಒಂದು ನಾಟಕದ ರೀತಿ ಬೆಳೀತು, ಅದರಾಗ ಪಾಂತಲೋನೆ ಅಂತ ವೆನಿಸ್ಸಿನ ಜಿಪುಣ ಮುದುಕ ವ್ಯಾಪಾರಿ, ದೊತ್ತೋರೆ ಅಂತ ತಿಳಿದೋರಂಗ ಮಾತಾಡೋ ಪಂಡಿತ, ಕಾಪಿತಾನೋ ಅಂತ ಬರೇ ಬಡಾಯಿ ಸಿಪಾಯಿ. ಬರೆದ ಡೈಲಾಗ್ ಇರ್ತಿದ್ದಿಲ್ಲ, ಕಥಿಯ ಎಳಿ ಅಷ್ಟೇ, ಉಳಿದದ್ದೆಲ್ಲಾ ನಟ ನಿಂತಲ್ಲೇ ಕಟ್ಟಬೇಕು, ಭಾಳ ಮಂದಿ ನಟರು ಬಣ್ಣದ ಬದುಕು ಬಿಡೋ ತನಕ ಒಂದೇ ಪಾರ್ಟು ಆಡ್ತಿದ್ರು. ಇದನ್ನ ತಿಳಕೊಂಡಾಗ ನನಗ ಎಷ್ಟು ಸಮಾಧಾನ ಆತು ಅಂದ್ರ ಹೇಳಾಕ ಆಗಂಗಿಲ್ಲ.

ಮೊದಲ ಐದಾರು ವರ್ಷ ನಾನು ಮಾಡಿದ್ದು ಬರೇ ನಕಲು. ಮೀಸಿ ತಿರುವು, ತೊಡಿ ತಟ್ಟು, ಹಹಹಾ ಅಂತ ನಗು. ಒಂದು ರಾತ್ರಿ ಗುಡಿ ಪೌಳಿಯಾಗ ತಾಲೀಮು ನಡದಿತ್ತು, ಮಾಸ್ತರು ಹಾರ್ಮೋನಿಯಂ ಪೇಟಿ ನಿಲ್ಲಿಸಿ ಕೇಳಿದ್ರು, "ತಮ್ಮಾ, ಊರೆಲ್ಲಾ ನಿನಗ ಅಂಜತೈತಿ ಅಂದಮ್ಯಾಲ ನೀ ಯಾಕ ಒದರ್ತೀಯೋ?" ನನ್ನತ್ರ ಉತ್ತರ ಇರಲಿಲ್ಲ.

ಮರುವಾರ ನೆಲ್ಲು ಮಾರಾಕ ದಲಾಲಿ ಅಂಗಡಿಗೆ ಹೋದಾಗ ಆ ಪ್ರಶ್ನಿ ತಲಿಯಾಗ ಹಂಗೇ ಇತ್ತು. ಅಲ್ಲಿ ಸಾಹುಕಾರ ಒಂದು ಸಲಾನೂ ದನಿ ಎತ್ತಲಿಲ್ಲ. ಮುಂದ ಕೈಕಟ್ಟಿ ನಿಂತ ರೈತನ ಮುಖಾನೂ ನೋಡಲಿಲ್ಲ, ಕಣ್ಣು ಲೆಕ್ಕದ ಬುಕ್ಕಿನ ಮ್ಯಾಲ, ನಾಕು ಕಾಳು ಬಾಯಾಗ ಹಾಕ್ಕೊಂಡು ಕಡಿದು "ಹಸಿ ಐತಿ" ಅಂದ, ಮುಗೀತು, ರೇಟು ಇಳೀತು. ನಾನು ನನ್ನ ಚೀಲ ಮರೆತು ಅವನ ಕೈ ನೋಡ್ಕೋಂತ ನಿಂತಿದ್ದೆ.

ಇನ್ನೊಂದು ಕೆಲಸ ಮಾಡಿದೆ. ನಾಟಕದಾಗ ಗೌಡ ದೊಡ್ಡಣ್ಣನ ಎರಡು ಎಕರೆ ಹೊಡಕೊಂತಾನ, ಯಾಕ ಅಂತ ಎಲ್ಲೂ ಬರದಿಲ್ಲ, ಕೆಟ್ಟವ ಅಂತ ಹೊಡಕೊಂಡ ಅಷ್ಟೇ. ನೀನೇ ಆ ಜಾಗದಾಗ ಇದ್ರ ಏನು ಮಾಡ್ತಿದ್ದಿ ಅಂತ ನಟ ತನ್ನನ್ನ ತಾನೇ ಕೇಳ್ಕೋಬೇಕು ಅಂತ ರಷ್ಯಾದ ನಾಟಕದ ಗುರು ಸ್ತಾನಿಸ್ಲಾವ್‌ಸ್ಕಿ ಕಲಿಸ್ತಿದ್ದ, ಹಂಗೇ ಕೇಳ್ಕೊಂಡೆ. ತುಂಗಭದ್ರಾ ಎಡದಂಡೆ ಕಾಲುವಿ ಮಂದಿಗೆ ಉತ್ತರ ದೂರ ಇಲ್ಲ. ಆ ಎರಡು ಎಕರೆ ತೂಬಿನ ಬಗಲಿಗೆ ಐತಿ, ಅದು ಕೈಗೆ ಬಂದ್ರ ಕೆಳಗಿನವರಿಗೆಲ್ಲಾ ನೀರು ಯಾವಾಗ ಅಂತ ಹೇಳೋನು ಗೌಡ. ಇದನ್ನ ನಾಟಕದಾಗ ಒಂದು ಸಲಾನೂ ಬಾಯಿಬಿಟ್ಟು ಹೇಳಲಿಲ್ಲ, ಆದ್ರ ಪತ್ರಕ್ಕ ಹೆಬ್ಬೆಟ್ಟು ಒತ್ತಿಸ್ಕೊಳ್ಳೋ ಹೊತ್ತಿನಾಗ ನನ್ನ ಕಣ್ಣು ದೊಡ್ಡಣ್ಣನ ಮ್ಯಾಲ ಇರಲಿಲ್ಲ, ಹೊಲದ ದಿಕ್ಕಿಗೆ ಇತ್ತು.

ಆ ವರ್ಷ ಎಂಟ್ರಿಗೆ ಚಪ್ಪಾಳಿ ಬೀಳಲಿಲ್ಲ. ಮೆತ್ತಗ ಬಂದು ಕುಂತೆ, ಹಿಂದಿನವರು "ಯಾರವಾ, ಕೇಳವಲ್ದು" ಅಂತ ಕೂಗಿದ್ರು. ಹೆಬ್ಬೆಟ್ಟಿನ ಸೀನಿನಾಗ ಮಾತ್ರ ಇಡೀ ಬಯಲು ಸುಮ್ಮನಾತು, ಕಡ್ಲಿ ಮಾರೋನೂ ನಿಂತುಬಿಟ್ಟ. ಕಡೀ ಅಂಕದಾಗ ಒಂದೇ ಒಂದು ಸಲ ಒದರಿದೆ, ಅವಾಗ ಬಿದ್ದ ಸಿಳ್ಳಿ ಇನ್ನೂ ಕಿವಿಯಾಗ ಐತಿ.

ಮಾಸ್ತರು ಆದ್ರೂ ಬೈದ್ರು. ಮಂದಿ ಮಕ್ಕಳನ್ನ ತೊಡಿ ಮ್ಯಾಲ ಹಾಕ್ಕೊಂಡು ಕುಂತಿರ್ತಾರ, ಬಂದೋನು ಗೌಡ ಅಂತ ಅರ್ಧ ನಿಮಿಷದಾಗ ಗೊತ್ತಾಗಬೇಕು, ಅಚ್ಚು ಇರೋದೇ ಅದಕ್ಕ, ಅದನ್ನ ಮುರದು ನೀ ಏನು ತೋರಸ್ತಿ ಅಂದ್ರು. ರಾತ್ರಿಯೆಲ್ಲಾ ವಿಚಾರ ಮಾಡಿದೆ, ಅವರದೇ ಖರೆ ಅನ್ನಿಸ್ತು.

ಈ ಸಲ ತಾಲೀಮು ಅಮಾಸಿ ಮುಗಿದಮ್ಯಾಲ ಶುರು. ಎಂಟ್ರಿಗೆ ಹಳೇ ಮೀಸಿ, ಹಳೇ ನಗು ಎರಡೂ ಇಟ್ಕೊಂಡೀನಿ. ನಕ್ಕು, ಚಪ್ಪಾಳಿ ಮುಗಿಯೋ ತನಕ ನಿಂತು, ಆಮ್ಯಾಲ ಕುರ್ಚಿ ಮ್ಯಾಲ ಕುಂತು ಲೆಕ್ಕದ ಬುಕ್ಕು ತೆಗೀತೀನಿ.