ಜಿಮ್ಮಿ ವೆಬ್ ಕೇಳುಗರ ಕಡತ: ಇಲ್ಲಿಯವರೆಗೆ ಆದ ಕೆಲಸ

ಹಾಡು ಬರೆದವರೇ ಹಾಡಿದ ಆಲ್ಬಮ್‌ಗಳ ಬಗ್ಗೆ ಕೇಳುಗರ ಅಭಿಪ್ರಾಯ ಕೂಡಿಹಾಕುವ ನನ್ನ ಹವ್ಯಾಸದಲ್ಲಿ ಈಗ ನಡೆಯುತ್ತಿರುವುದು ಜಿಮ್ಮಿ ವೆಬ್ ಅವರ 'ಟೆನ್ ಈಸಿ ಪೀಸಸ್'. 1996ರ ಆಲ್ಬಮ್, ಹತ್ತು ಹಾಡು. ಗ್ಲೆನ್ ಕ್ಯಾಂಬೆಲ್, ರಿಚರ್ಡ್ ಹ್ಯಾರಿಸ್, ಆರ್ಟ್ ಗಾರ್ಫಂಕಲ್ ಮೊದಲಾದವರ ಬಾಯಲ್ಲಿ ಊರೂರು ಸುತ್ತಿದ ಹಾಡುಗಳನ್ನು ಬರೆದ ಮನುಷ್ಯ ಐವತ್ತರ ಆಸುಪಾಸಿನಲ್ಲಿ ವಾದ್ಯವೃಂದದ ಗದ್ದಲವಿಲ್ಲದೆ ಪಿಯಾನೊ ಮುಂದೆ ಕೂತು ಮತ್ತೆ ಹಾಡಿದ್ದಾರೆ.

ಕೇಳುಗರನ್ನು ಎರಡು ಪಂಗಡ ಮಾಡಿಕೊಂಡಿದ್ದೇನೆ. ಕ್ಯಾಂಬೆಲ್ ಹಾಡಿದ್ದನ್ನು ಕೇಳಿಕೊಂಡೇ ಬೆಳೆದವರು ಒಂದು ಕಡೆ, ಈ ಹಾಡುಗಳ ಗಂಧಗಾಳಿಯೂ ಇಲ್ಲದವರು ಇನ್ನೊಂದು ಕಡೆ. ಎರಡನೆಯವರಿಗೆ ವೆಬ್ ಹಾಡಿದ್ದೇ ಮೊದಲು ಕೇಳಿಸುವುದು, ಪ್ರಸಿದ್ಧ ಆವೃತ್ತಿ ಆಮೇಲೆ. ಕೇಳುವಾಗ ಮಾತಿಲ್ಲ, ಬರೆದು ಮುಗಿಸಿದ ಮೇಲೆ ಜಗಳ ಎಷ್ಟು ಬೇಕಾದರೂ ಆಡಬಹುದು.

ಗಾಲ್ವೆಸ್ಟನ್

ಕಡತ ದಪ್ಪವಾಗಿರುವುದು ಈ ಹಾಡಿನಿಂದಲೇ. ಟೆಕ್ಸಾಸ್‌ನ ಕಡಲತೀರದ ಊರನ್ನೂ ಅಲ್ಲಿ ಬಿಟ್ಟುಬಂದ ಹುಡುಗಿಯನ್ನೂ ನೆನೆಯುತ್ತ ಬಂದೂಕು ಒರೆಸುವ ಸೈನಿಕನ ಹಾಡು ಇದು. ಮೊದಲು ಡಾನ್ ಹೋ ಇದನ್ನು ನಿಧಾನವಾಗಿ ಹಾಡಿದ್ದರು. ಕ್ಯಾಂಬೆಲ್ ವೇಗ ಹೆಚ್ಚಿಸಿ 1969ರಲ್ಲಿ ಹಿಟ್ ಮಾಡಿದರು. ವಿಯೆಟ್ನಾಂ ಯುದ್ಧದ ಕಾಲ ಅದು. ಆ ಲಯಕ್ಕೆ ಕಾಲು ತಾನಾಗಿ ಹೆಜ್ಜೆ ಹಾಕುತ್ತದೆ, ಹಾಗಾಗಿ ಅದನ್ನು ದೇಶಭಕ್ತಿಯ ಹಾಡೆಂದೇ ತಿಳಿದವರೂ ಬಹಳ.

ವೆಬ್ ಅದನ್ನು ಮತ್ತೆ ನಿಧಾನಕ್ಕೆ ತಂದಿದ್ದಾರೆ. ಹೊಸ ಕೇಳುಗರೆಲ್ಲ ಎರಡನೇ ಚರಣದ ತೋಪುಗಳ ಮಿಂಚಿನ ಹತ್ತಿರ ಗುರುತು ಹಾಕಿದ್ದಾರೆ. ಪ್ರೇಮಗೀತೆ ಎಂದುಕೊಂಡು ಕೇಳುತ್ತಿದ್ದವರಿಗೆ ಯುದ್ಧ ಕಂಡದ್ದು ಅಲ್ಲಿ. ಹಳೆಯ ಪಂಗಡದ ಒಬ್ಬರು ಬರೆದದ್ದು ಇನ್ನೂ ಚೆನ್ನಾಗಿದೆ: "ಈ ಹುಡುಗನಿಗೆ ಸಾಯುವ ಭಯ ಇದೆ ಅನ್ನುವುದು ಇಷ್ಟು ವರ್ಷ ನನ್ನ ಕಿವಿಗೇ ಬಿದ್ದಿರಲಿಲ್ಲ." ಸಾಲು ಕ್ಯಾಂಬೆಲ್ ಹಾಡಿದ್ದರಲ್ಲೂ ಸ್ಪಷ್ಟವಾಗಿಯೇ ಇದೆ, ಉಚ್ಚಾರಣೆಯಲ್ಲಿ ಯಾವ ಕೊರತೆಯೂ ಇಲ್ಲ. ಲಯ ಅದನ್ನು ದಾಟಿಸಿಕೊಂಡು ಹೋಗಿಬಿಡುತ್ತದೆ.

ಇದಕ್ಕೊಂದು ತಕರಾರೂ ಬಂದಿದೆ, ನನಗೆ ಅದರ ಮೇಲೆ ಗೌರವ. ಐವತ್ತರ ಕಂಠ ಸಾವಿಗೆ ಹೆದರುವ ಹುಡುಗನದಾಗುವುದು ಹೇಗೆ, ಇದು ಬದುಕಿ ವಾಪಸು ಬಂದವನ ದನಿಯಲ್ಲವೇ, ಎಂದು. ಅದಕ್ಕೇ ವೆಬ್ ಅವರ 1972ರ 'ಲೆಟರ್ಸ್' ಆಲ್ಬಮ್‌ನಲ್ಲಿರುವ ಇದೇ ಹಾಡನ್ನೂ ಕೇಳಿಸಿದೆ. ಅಲ್ಲಿ ದನಿ ಎಳೆಯದು. ತಕರಾರು ತೆಗೆದವರು ಅದನ್ನೇ ಆರಿಸಿಕೊಂಡರು. ನಾನು 1996ರ ಪಕ್ಷ.

ಫೀನಿಕ್ಸ್ ದಾರಿಯ ಲೆಕ್ಕ

'ಬೈ ದ ಟೈಮ್ ಐ ಗೆಟ್ ಟು ಫೀನಿಕ್ಸ್' ಕೇಳಿದ ಹೊಸಬರೊಬ್ಬರು ನಕ್ಷೆ ತೆರೆದು ಕೂತರು. ಹಾಡಿನಲ್ಲಿ ಪ್ರೇಯಸಿಯನ್ನು ಬಿಟ್ಟುಹೋಗುವವನು ಅವಳು ಏಳುವ ಹೊತ್ತಿಗೆ ಫೀನಿಕ್ಸ್‌ನಲ್ಲಿ, ಅವಳ ಮಧ್ಯಾಹ್ನದ ಬಿಡುವಿನ ಹೊತ್ತಿಗೆ ಆಲ್ಬುಕರ್ಕಿಯಲ್ಲಿ. ನಡುವೆ 650 ಕಿಲೊಮೀಟರ್‌ಗೂ ಹೆಚ್ಚು ದಾರಿ. ಕಾರು ಎಷ್ಟು ಓಡಿಸಿದರೂ ಆಗದು ಎಂದು ತೀರ್ಪು ಕೊಟ್ಟರು. ಈ ಆಕ್ಷೇಪ ಹೊಸದಲ್ಲ, ವೆಬ್ ಅವರಿಗೇ ಇದನ್ನು ಹೇಳಿದವರಿದ್ದಾರೆ. ಆದರೆ ಕ್ಯಾಂಬೆಲ್ ಅವರ 1967ರ ಧ್ವನಿಮುದ್ರಣ ಕೇಳಿಸಿದಾಗ ಯಾರೂ ನಕ್ಷೆಯ ಸುದ್ದಿಗೆ ಹೋಗಿರಲಿಲ್ಲ. ವೆಬ್ ಹಾಡಿದಾಗ ಪತ್ರ ಬರೆದವನೇ ಅದನ್ನು ಓದಿ ಹೇಳಿದ ಹಾಗೆ, ಕೇಳುವವರು ಒಂದೊಂದು ಮಾತನ್ನೂ ಹಿಡಿದು ಪ್ರಶ್ನಿಸುತ್ತಾರೆ.

ವಿಚಿಟಾ ಲೈನ್‌ಮನ್

ಕಂಬದ ತಂತಿ ನೋಡಿಕೊಳ್ಳುವ ಕೆಲಸಗಾರನ ಹಾಡು ಇದು. ಇಲ್ಲಿ ವೆಬ್ ಸೋತರು, ಎರಡೂ ಪಂಗಡದಲ್ಲಿ. ಊರ ಹೆಸರಿರುವ ಇನ್ನೊಂದು ಹಾಡು ಬೇಕೆಂದು ಕ್ಯಾಂಬೆಲ್ ಕೇಳಿದ್ದಕ್ಕೆ ವೆಬ್ ಪೂರ್ತಿ ಮುಗಿಯದ ಹಾಡನ್ನೇ ಕಳಿಸಿದ್ದರು. ಮೂರನೇ ಚರಣ ಇರಬೇಕಾದ ಜಾಗವನ್ನು ಕ್ಯಾಂಬೆಲ್ ಆರು ತಂತಿಯ ಬೇಸ್ ಗಿಟಾರ್‌ನ ತಗ್ಗುದನಿಯಿಂದ ತುಂಬಿದರು. 1968ರ ಆ ಧ್ವನಿಮುದ್ರಣದಲ್ಲಿ ತಂತಿವಾದ್ಯಗಳು ಕಂಬದಿಂದ ಕಂಬಕ್ಕೆ ಗುಂಯ್‌ಗುಡುತ್ತವೆ. ಪಿಯಾನೊಗೆ ಅದು ಸಾಧ್ಯವಿಲ್ಲ. ಹಾಡಿನ ಅರ್ಧ ಬರೆದದ್ದು ಸ್ಟುಡಿಯೊದಲ್ಲಿ ಎಂದ ಮೇಲೆ ಬರೆದವರೊಬ್ಬರೇ ಅದನ್ನು ಪೂರ್ತಿ ಹೇಳಲಾರರು.

ಕೇಕ್

'ಮ್ಯಾಕ್‌ಆರ್ಥರ್ ಪಾರ್ಕ್' ಬಂದಾಗ ಮಾತು ಬೇಡ ಎಂಬ ನಿಯಮ ಮುರಿದುಬಿತ್ತು. ಈ ಹಾಡಿನಲ್ಲಿ ಬರುವ, ಮಳೆಯಲ್ಲಿ ಕರಗುವ ಕೇಕ್ ದೊಡ್ಡ ರೂಪಕವೋ ದೊಡ್ಡ ತಮಾಷೆಯೋ ಎಂಬ ಜಗಳ 1968ರಿಂದ ನಡೆಯುತ್ತಲೇ ಇದೆ. ರಿಚರ್ಡ್ ಹ್ಯಾರಿಸ್ ಅವರ ಏಳು ನಿಮಿಷ ಮೀರಿದ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತ್ತು, 1978ರಲ್ಲಿ ಡಾನಾ ಸಮ್ಮರ್ ಅವರ ಡಿಸ್ಕೊ ಆವೃತ್ತಿ ಮೊದಲ ಸ್ಥಾನಕ್ಕೇ ಹೋಯಿತು. ಹ್ಯಾರಿಸ್ ನಟ. ಎಲ್ಲವನ್ನೂ ರಂಗದ ಮೇಲಿನ ಮಾತಿನಂತೆ ಹಾಡುತ್ತಾರೆ, ಪಾರ್ಕಿನ ಹೆಸರನ್ನೂ 'ಮ್ಯಾಕ್‌ಆರ್ಥರ್ಸ್' ಎಂದೇ ಬಿಡುತ್ತಾರೆ. ವೆಬ್ ಹಾಡಿದಾಗ ಕೇಕ್ ಯಾರಿಗೂ ನಗು ತರಿಸಲಿಲ್ಲ ಎನ್ನುವುದು ನನಗೆ ಆಶ್ಚರ್ಯ. ಆಡಂಬರ ಹೋದ ಮೇಲೆ ಅದು ಬರೀ ಮುರಿದ ಸಂಬಂಧ. ಮುರಿದ ಸಂಬಂಧದಲ್ಲಿ ಜನ ಇದಕ್ಕಿಂತ ಹುಚ್ಚು ಮಾತು ಆಡುತ್ತಾರೆ.

ಪ್ರಶ್ನೆ ಬದಲಾಯಿತು

ಮೊದಲಿಂದ ಹಾಳೆಯ ಮೇಲ್ಗಡೆ "ಧ್ವನಿ ಹೇಗಿದೆ?" ಎಂದಿತ್ತು. ಉತ್ತರಗಳೆಲ್ಲ ಒಂದೇ ಅಚ್ಚಿನವು: ಗಾಯಕನ ಕಂಠವಲ್ಲ, ಮೇಲಿನ ಸ್ವರಕ್ಕೆ ಏರುವಾಗ ಬಿಗಿಯುತ್ತದೆ, ಆದರೂ ಪರವಾಗಿಲ್ಲ. ಆ "ಆದರೂ" ನನಗೆ ಸಾಕಾಯಿತು. ಈಗಿನ ಪ್ರಶ್ನೆ "ಯಾವ ಸಾಲಿನಲ್ಲಿ ಕಿವಿ ನಿಂತಿತು?" ಉತ್ತರ ಉದ್ದವಾಗಿವೆ, ಒಂದಕ್ಕೊಂದು ತಾಳೆಯಾಗುವುದಿಲ್ಲ, ಓದಲು ಖುಷಿ. ವಿಚಿತ್ರವೆಂದರೆ, ಕೇಳದಿದ್ದರೂ ಧ್ವನಿಯ ಬಗ್ಗೆ ಬರೆಯುವವರು ಹಳೆಯ ಪಂಗಡದವರೇ. ಹೊಸಬರಿಗೆ ಹೋಲಿಸಲು ಬೇರೆ ಕಂಠವೇ ಇಲ್ಲವಲ್ಲ!

ಮುಂದಿನ ಸುತ್ತು

'ಹೈವೇಮನ್'. ಒಬ್ಬನೇ ಆತ್ಮದ ನಾಲ್ಕು ಜನ್ಮ: ದಾರಿಗಳ್ಳ, ನಾವಿಕ, ಅಣೆಕಟ್ಟು ಕಟ್ಟುವವ, ಕೊನೆಗೆ ಅಂತರಿಕ್ಷಯಾನಿ. ವೆಬ್ ಇದನ್ನು 1977ರ 'ಎಲ್ ಮಿರಾಜ್'ನಲ್ಲೇ ಹಾಡಿದ್ದರು, ಅದರ ನಿರ್ಮಾಪಕ ಜಾರ್ಜ್ ಮಾರ್ಟಿನ್. 1985ರಲ್ಲಿ ಜಾನಿ ಕ್ಯಾಶ್, ವಿಲ್ಲಿ ನೆಲ್ಸನ್, ವೇಲನ್ ಜೆನಿಂಗ್ಸ್, ಕ್ರಿಸ್ ಕ್ರಿಸ್ಟೋಫರ್ಸನ್ ಜನ್ಮಕ್ಕೊಬ್ಬರಂತೆ ಹಂಚಿಕೊಂಡು ಹಾಡಿ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ತಂದರು. ಆತ್ಮ ಒಂದೇ ಆದ್ದರಿಂದ ಕಂಠವೂ ಒಂದೇ ಇರಬೇಕು ಎನ್ನುವವರು ಈಗಾಗಲೇ ಒಂದು ಗುಂಪಾಗಿದ್ದಾರೆ. ಕ್ಯಾಶ್ ಬಾಯಲ್ಲಿ ಅಂತರಿಕ್ಷಯಾನಿಯ ಚರಣ ಕೇಳಿದ ಮೇಲೂ ಅವರು ಅದನ್ನೇ ಹೇಳುತ್ತಾರಾ ನೋಡಬೇಕು. ಈ ಸಲ ಇಬ್ಬರಿಗೂ ಕ್ರಮ ತಿರುಗಿಸುತ್ತೇನೆ: ಹಳಬರಿಗೆ 1977ರದ್ದು ಮೊದಲು, ಹೊಸಬರಿಗೆ ನಾಲ್ವರದ್ದು ಮೊದಲು, ಕೊನೆಯಲ್ಲಿ ಎಲ್ಲರಿಗೂ 1996ರದ್ದು.